ಧ್ಯಾನಕ್ಕೆ ಕೂತು ಕೈ ನಡುಗಿದ್ದು

"ಸಾಲಿ ಕಟ್ಟಿ ಹತ್ತದಾಕಿ ಧ್ಯಾನ ಮಾಡ್ತಾಳಂತ! ಎರಡು ದಿನಕ್ಕ ಓಡಿ ಬರ್ತಾಳ" ಎಂದು ನಾದಿನಿ ನಕ್ಕಿದ್ದಳು. ಓದನ್ನೇ ಸ್ವಂತ ಕಲಿತವಳಿಗೆ ಇದ್ಯಾವ ಲೆಕ್ಕ ಎಂದು ಹಚ್ಚೊಳ್ಳಿ ಊರಿನ ಧ್ಯಾನ ಶಿಬಿರಕ್ಕೆ ಹೋದೆ.

ದಿನಕ್ಕೆ ಎಂಟು ತಾಸು ಕೂರಿಸಿದರು. ಐದನೇ ದಿನ ನೆತ್ತಿ ಕಾದು, ನಿದ್ದೆ ಹಾರಿ, ಕೈ ನಡುಗತೊಡಗಿತು. ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿದು ಉಣ್ಣುವವಳು. ಕೈ ಹೋದರೆ ಅನ್ನವೇ ಹೋಯಿತು.

"ಶಕ್ತಿ ಏರಾಕತ್ತೈತಿ ತಾಯಿ, ಇನ್ನೆರಡು ತಾಸು ಹೆಚ್ಚಿಗಿ ಕೂಡ್ರಿ" ಎಂದರು ಗುರುಗಳು, ದಿಂಬಿಗೆ ಒರಗಿಕೊಂಡೇ.

ಸಿಟ್ಟಿನಿಂದ ಎದ್ದು ಹೊರಗೆ ನಡೆದೆ. ಭತ್ತದ ನಾಟಿ ಹಚ್ಚುತ್ತಿದ್ದ ಹೆಂಗಸರು ನಾಟಿ ಕಾಲದ ರೂಢಿಯಂತೆ ದಾರಿಯಲ್ಲಿ ಹೊರಟಿದ್ದ ನನ್ನನ್ನು ಅಡ್ಡಗಟ್ಟಿ ಕಾಣಿಕೆ ಕೇಳಿದರು. ಕೈ ಬರಿದು ಎಂದೆ.

"ಹಂಗಾದ್ರ ಗದ್ದ್ಯಾಗ ಇಳಿಯವ್ವ, ಎರಡು ಸಾಲು ಹಚ್ಚು. ಕುಂತು ಕುಂತು ನಡುಗಾಕತ್ತೀಯಲ್ಲ!" ಎಂದಳೊಬ್ಬ ಮುದುಕಿ.

ಸಂಜೆಯವರೆಗೆ ಬಗ್ಗಿ ಹಚ್ಚಿದೆ. ಅಂದು ರಾತ್ರಿ ಶಿಬಿರಕ್ಕೆ ಮರಳಿ ಹೆಣದಂತೆ ಮಲಗಿದೆ. ಬೆಳಿಗ್ಗೆ ಗುರುಗಳ ಎದುರೇ ಸೂಜಿಗೆ ದಾರ ಪೋಣಿಸಿ ನೋಡಿದೆ, ಒಂದೇ ಸಲಕ್ಕೆ ಹೋಯಿತು.

"ಕಂಡಿರೇನು ಧ್ಯಾನದ ಫಲ?" ಎಂದರು ಗುರುಗಳು.

"ನೀವೂ ಎರಡು ಸಾಲು ಹಚ್ಚಿ ಬರ್ರಿ ಸ್ವಾಮಿ, ಹೊಟ್ಟಿ ಕರಗತೈತಿ" ಎಂದೆ. ಮುಖ ತಿರುಗಿಸಿದರು.

ಈಗ ದಿನಾ ಒಂದು ತಾಸು ಬಿರುಸು ನಡಿಗೆ, ಆಮೇಲೆ ಅರ್ಧ ತಾಸು ಧ್ಯಾನ. ನನ್ನವೇ ಆರು ಹೊಲಿಗೆ ಯಂತ್ರಗಳಿವೆ, ನಡುಗದ ಎರಡು ಕೈಗಳಿವೆ. ಇಷ್ಟಕ್ಕೆ ನಾನು ಕಳೆದುಕೊಂಡದ್ದು ಗುರುಗಳ ಆಶೀರ್ವಾದವೊಂದನ್ನೇ.