ರೇಣುಕಳ ಎರಡು ಮಾತು

ಇವತ್ತು ಗುರುವಾರ, ಬೆಳಿಗ್ಗೆ ಆರೂಕಾಲು. ಹಾಸನದ ನಮ್ಮ ಅಡುಗೆಮನೆಯಲ್ಲಿ ಇದ್ದವರು ಇಬ್ಬರು: ಹುರುಳಿಕಾಳು ಹುರಿಯುತ್ತಿದ್ದ ನನ್ನ ಹೆಂಡತಿ, ಹಾಲಿನ ಪಾತ್ರೆಯ ಕಾವಲಿಗೆ ನಿಂತ ನಾನು. ನಮ್ಮಲ್ಲಿ ಹಾಲು ಹೊತ್ತಿಗೆ ಸರಿಯಾಗಿ ಉಕ್ಕಬೇಕು. ತಡವಾದರೆ ಹಾಲಿಗೂ ನೋಟಿಸು ಕೊಡುವ ಜಾಯಮಾನ ನನ್ನದು. ಆದರೆ ಹುರುಳಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಗಂಗಮ್ಮ ನೆನಪಾದಳು. ಹಾಲು ಉಕ್ಕಿ ಒಲೆಗೆ ಸುರಿಯಿತು.

ಗಂಗಮ್ಮ ಹೊಳೆನರಸೀಪುರದಲ್ಲಿ ನಾನು ಹೆಡ್‌ಮಾಸ್ಟರಾಗಿದ್ದ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದವಳು; ಅವಳು ಹುರುಳಿ ಹುರಿದರೆ ವಾಸನೆ ನನ್ನ ಕೋಣೆಗೂ ಬರುತ್ತಿತ್ತು. ಮನೆಮಾತು ತೆಲುಗು. ಮೊಮ್ಮಗಳು ರೇಣುಕ ನಮ್ಮಲ್ಲೇ ಒಂದನೇ ತರಗತಿ. ಆರು ತುಂಬಿದ್ದರೂ ಮಗುವಿಗೆ ಮಾತು ಕೂಡುತ್ತಿರಲಿಲ್ಲ. ಬೇಕಾದ್ದನ್ನು ಬೆರಳಲ್ಲಿ ತೋರಿಸುವಳು. ನಮಗೆ ಅರ್ಥವಾಗದಿದ್ದರೆ ಕೈ ಕೆಳಗಿಳಿಸಿ ಸುಮ್ಮನಾಗುವಳು. ನಾನು ಗೆರೆ ಹಾಕಿದ ನೋಟುಬುಕ್ಕಿನಲ್ಲಿ ಅವಳಾಡುವ ಪದಗಳನ್ನು ಬರೆದಿಡತೊಡಗಿದೆ. ಒಂದು ತಿಂಗಳಿಗೆ ಹನ್ನೊಂದಾದವು. ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು ಭಾಷೆ, ಅದಕ್ಕೇ ಈ ಗೋಜಲು ಎಂದು ನಾನೇ ತೀರ್ಮಾನಿಸಿ ಗಂಗಮ್ಮನನ್ನು ಕರೆದೆ.

“ಇನ್ನು ಮೇಲೆ ಮಗುವಿನ ಹತ್ತಿರ ತೆಲುಗು ಬೇಡಮ್ಮ. ಕನ್ನಡ ಮಾತ್ರ.”

“ಅಂಗೇ ಆಗ್ಲಿ ಬುಡಿ ಸಾ. ಆದ್ರೆ ನಂಗೆ ಕನ್ನಡದಲ್ಲಿ ಬಯ್ಯಕ್ ಬತ್ತದೆ, ಮುದ್ ಮಾಡಕ್ ಬರಕಿಲ್ಲ ಕಣ್ ಸಾ” ಎಂದು ನಕ್ಕಳು. ನಾನೂ ನಕ್ಕೆ. ಅವಳು ಹೇಳಿದ್ದು ನಿಜವೆಂದು ನನಗೆ ಹೊಳೆಯಲೇ ಇಲ್ಲ.

ಎರಡು ತಿಂಗಳಲ್ಲಿ ರೇಣುಕ ಅಜ್ಜಿಯ ಹತ್ತಿರವೂ ಮಾತು ಬಿಟ್ಟಳು. ಬಡಿಸಿದ್ದನ್ನು ತಿನ್ನುವಳು, ಎದ್ದು ಹೋಗುವಳು. ಹೆದರಿಕೆಯಾಗಿ ಇಬ್ಬರನ್ನೂ ಬಸ್ಸಿನಲ್ಲಿ ಹಾಸನಕ್ಕೆ ಕರೆತಂದೆ. ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವ ಹುಡುಗಿಯೊಬ್ಬಳಿದ್ದಳು. ನನ್ನ ನೋಟುಬುಕ್ಕನ್ನು ಕೊನೆಯತನಕ ತಿರುವಿ ಕೇಳಿದಳು: “ಚೆನ್ನಾಗಿ ಬರೆದಿದ್ದೀರ ಸರ್. ತೆಲುಗು ಪದಗಳ ಪುಟ ಎಲ್ಲಿ?”

ಆ ಪುಟವೇ ಇರಲಿಲ್ಲ.

“ಅಜ್ಜಿ, ಮನೇಲಿ ಮಾತಾಡಿಸೋ ಹಾಗೆ ಮಾತಾಡಿಸಿ” ಎಂದಳು ಆ ಹುಡುಗಿ. ಗಂಗಮ್ಮ ನನ್ನ ಕಡೆ ನೋಡಿ, “ಮೇಷ್ಟ್ರು ಬ್ಯಾಡ ಅಂದವ್ರೆ ಕಣವ್ವ” ಎಂದಳು. ಮೂವತ್ತು ವರ್ಷದ ನೌಕರಿಯಲ್ಲಿ ನನ್ನ ಆಜ್ಞೆಯನ್ನು ಅಷ್ಟು ಚಾಚೂ ತಪ್ಪದೆ ಪಾಲಿಸಿದವರು ಇನ್ನೊಬ್ಬರಿಲ್ಲ. ತಲೆ ತಗ್ಗಿಸಿ, “ಮಾತಾಡಮ್ಮ” ಎಂದೆ.

ಗಂಗಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮನೆಯ ಬೆಕ್ಕು ಬೆಳಿಗ್ಗೆ ಏನು ಮಾಡಿತೆಂದು ತೆಲುಗಿನಲ್ಲಿ ಕೇಳಿದಳು. ಆಮೇಲೆ ರೇಣುಕ ಅಜ್ಜಿಯ ಮಡಿಲು ಹತ್ತಿದಳು. “ಪಿಲ್ಲಿ… ಪಾಲು ತಾಗಿಂದಿ.” ಬೆಕ್ಕು ಹಾಲು ಕುಡಿಯಿತು. ಅವಳು ಒಟ್ಟಿಗೆ ಮೂರು ಪದ ಕೂಡಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಷ್ಟಕ್ಕೇ ನಿಲ್ಲಲಿಲ್ಲ. ನನ್ನ ಕಡೆ ತಿರುಗಿ ನನ್ನ ಮುಖವನ್ನೇ ನೋಡಿ, ಹುಡುಕಿ ಹುಡುಕಿ ಹೇಳಿದಳು: “ಬೆಕ್ಕು… ಆಲು.”

ನೀವೇ ಯೋಚಿಸಿ. ಒಂದೊಂದು ಪದಕ್ಕೂ ಒದ್ದಾಡುವ ಮಗು. ಆದರೂ ಎದುರಿಗಿರುವವರಿಗೆ ಯಾವ ಮಾತು ತಿಳಿದೀತೆಂದು ಅದಕ್ಕೆ ಗೊತ್ತು. ನನಗೆ ತಿಳಿಯಲೆಂದು ಅದು ಎರಡನೇ ಸಲ ಕಷ್ಟಪಟ್ಟಿತು. ಅಂಥ ಸೌಜನ್ಯವನ್ನು ನಾನು ಯಾರಿಗೂ ಕಲಿಸಿರಲಿಲ್ಲ.

“ಎರಡು ಭಾಷೆ ಇರೋದ್ರಿಂದ ಈ ತೊಂದರೆ ಬರಲ್ಲ ಸರ್” ಎಂದಳು ಆ ಹುಡುಗಿ. “ಮಾತು ಜೋಡಿಸೋದೇ ಇವಳಿಗೆ ಕಷ್ಟ, ಎರಡರಲ್ಲೂ. ಒಂದನ್ನ ಕಿತ್ಕೊಂಡ್ರೆ ಇನ್ನೊಂದು ಬೆಳೆಯಲ್ಲ.”

ಪವಾಡವೇನೂ ಆಗಲಿಲ್ಲ. ವರ್ಷಗಟ್ಟಲೆ ತರಬೇತಿ ನಡೆಯಿತು, ಎರಡು ಭಾಷೆಯಲ್ಲೂ. ಮನೆಗೆ ತೆಲುಗು ಮರಳಿತು.

ನೋಡಿ, ಬೆಳಿಗ್ಗೆ ನೆನೆದವಳ ಮೊಮ್ಮಗಳು ಇವತ್ತು ಸಂಜೆ ನಾಲ್ಕಕ್ಕೆ ಬರುವುದಿತ್ತು, ಬಂದಳು. ರೇಣುಕ ಈಗ ಚನ್ನರಾಯಪಟ್ಟಣದಲ್ಲಿ ಬಟ್ಟೆ ಹೊಲಿಯುತ್ತಾಳೆ. ಸ್ವಂತ ಅಂಗಡಿಗೆ ಪುರಸಭೆಯ ಮಳಿಗೆ ಕೇಳುವ ಅರ್ಜಿ ಬರೆಯಬೇಕಿತ್ತು. ಅವಳು ಹೇಳಿದಳು, ನಾನು ಬರೆದೆ. ಈಗಲೂ ನಡುನಡುವೆ ಪದ ಸಿಗದೆ ನಿಲ್ಲುತ್ತಾಳೆ. ನಾನು ನನ್ನ ತುಟಿಯ ತನಕ ಬಂದ ಪದವನ್ನು ನುಂಗಿ ಕಾದೆ. ಪ್ರತಿ ಸಲವೂ ಅವಳದೇ ಪದ ಬಂತು.

ಕೊನೆಯಲ್ಲಿ ಮಾತ್ರ ನನ್ನ ಹಳೆಯ ಚಾಳಿ: ‘ಮಳಿಗೆ ಕೊಡಬೇಕೆಂದು ವಿನಮ್ರವಾಗಿ ಬೇಡಿಕೊಳ್ಳುತ್ತೇನೆ’ ಎಂದು ನಾನೇ ಸೇರಿಸಿ ಓದಿದೆ. ರೇಣುಕ ಅಡ್ಡಡ್ಡ ತಲೆಯಾಡಿಸಿದಳು.

“ಬ್ಯಾಡ ಸಾ. ಬೇಡ್ಕೊಳಲ್ಲ. ನಾನು…” ಪದ ಸಿಗದೆ ನಿಂತಳು. ಗಡಿಯಾರ ನೋಡದೆ ಕೂತೆ. “ನಾನು ಕೇಳ್ತೀನಿ. ಅಷ್ಟೇಯ.”

ಐದೂವರೆಗೆ ನನ್ನ ಸಾಲನ್ನು ಹೊಡೆದುಹಾಕಿ, ‘ಕೇಳುತ್ತೇನೆ’ ಎಂದು ಬರೆದು, ಸಹಿಗೆ ಅವಳ ಕೈಗೆ ಕೊಟ್ಟೆ.