ಕೋಡಿಗೆ ಒಡ್ಡಿದ ಮೂಟೆಗಳು

ನೀರುಗಂಟಿ ಎಂದರೆ ಕೆರೆಯ ತೂಬು ತೆಗೆದು ಮುಚ್ಚುವ, ಏರಿ ಕಾಯುವ ಆಳು. ನನ್ನಿವಾಳದ ಆಚೆಗಿನ ನಮ್ಮೂರಿನಲ್ಲಿ ಆ ಕೆಲಸ ಕಾಟಮ್ಮನದು. ತೊಂಬತ್ತನಾಲ್ಕರಲ್ಲಿ ಗಂಡ ತೀರಿಕೊಂಡಾಗ ಬೇರೆ ಯಾರೂ ಮುಂದೆ ಬರದೆ ಅವಳ ಪಾಲಿಗೆ ಬಂತು. ಸುಗ್ಗಿಯಲ್ಲಿ ಕೊಡುವ ಮೊರದಷ್ಟು ರಾಗಿಗೆ ಅವಳು ಏರಿಯ ಇಲಿಬಿಲ ಮುಚ್ಚುತ್ತಿದ್ದಳು, ಜಾಲಿಗಿಡ ಕೀಳುತ್ತಿದ್ದಳು. ಅವಳ ಮನೆಯೂ ಸೇರಿ ನಲವತ್ತು ಮನೆಗಳ ಹಟ್ಟಿ ಆ ಏರಿಯ ಬುಡದಲ್ಲೇ ಇತ್ತು.

ಹೂಳು ತೆಗೆದವರಿಲ್ಲದ ಕೆರೆ ಅದು. ಒಂದಾಳುದ್ದ ನೀರು ಬಂದರೆ ಮುಗಿಯಿತು. ೨೦೦೧ರ ಚಿತ್ತೆ ಮಳೆಗೆ ಎರಡೇ ದಿನದಲ್ಲಿ ನೀರು ಕೋಡಿ ಮುಟ್ಟಿತು. ಹೆಚ್ಚಾದ ನೀರು ಹಟ್ಟಿಯ ತಂಟೆಗೆ ಬಾರದೆ ಹಳ್ಳಕ್ಕೆ ಹರಿಯಲೆಂದು ಹಿರಿಯರು ಕಟ್ಟಿದ ಜಾಗ ಕೋಡಿ. ಆದರೆ ಬಾಗಿನ ಬಿಡಲು ಗುರುವಾರ ದೊಡ್ಡವರೊಬ್ಬರು ಬರುವವರಿದ್ದರು. ಅವರ ಕಣ್ಣಿಗೆ ಕೆರೆ ಇನ್ನಷ್ಟು ತುಂಬಿದಂತೆ ಕಾಣಲೆಂದು ಊರ ಯಜಮಾನ ಬೊಮ್ಮಲಿಂಗಪ್ಪ ಗೊಬ್ಬರದ ಚೀಲಗಳಿಗೆ ಮರಳು ತುಂಬಿಸಿ ಕೋಡಿಗೆ ಅಡ್ಡ ಒಡ್ಡಿಸಿದ. ನೆನೆದರೆ ಈಗಲೂ ಹೇಸಿಗೆಯಾಗುತ್ತದೆ.

ಬುಧವಾರ ಮಧ್ಯಾಹ್ನ ಕಾಟಮ್ಮ ಏರಿಯ ಬುಡದಲ್ಲಿ ಜಿನುಗುತ್ತಿದ್ದ ನೀರನ್ನು ಚೊಂಬಿನಲ್ಲಿ ಹಿಡಿದು ಊರಕಟ್ಟೆಗೆ ತಂದಳು.

"ನೋಡ್ರಿ ಯಜಮಾನ್ರೆ, ನಿನ್ನೆ ತಿಳಿನೀರು ಬರ್ತಿತ್ತು. ಇವತ್ತು ಕೆಂಪಗೆ ಬರ್ತೈತೆ. ಒಳಗೇ ಮಣ್ಣು ಕರಗ್ತೈತೆ. ಮೂಟೆ ತೆಗ್ಸಿ."

"ನಾಳೆ ಹನ್ನೊಂದಕ್ಕೆ ಬರ್ತಾರೆ. ಅಲ್ಲಿಗಂಟ ತಡ್ಕೊ," ಎಂದ ಬೊಮ್ಮಲಿಂಗಪ್ಪ.

"ನನಗ್ಯಾಕೆ ಹೇಳ್ತೀರಿ, ಏರಿಗೆ ಹೇಳ್ರಿ."

ಪಕ್ಕದಲ್ಲಿ ಕೂತಿದ್ದ ಉಗ್ರಪ್ಪ ನಕ್ಕ. ಅವನ ಮನೆಯೂ ಹಟ್ಟಿಯಲ್ಲೇ. "ಕಾಟಕ್ಕ, ಟೀ ಕುಡೀತೀಯಾ? ಅದೂ ಕೆಂಪಗೇ ಐತೆ."

ಅವಳು ಚೊಂಬನ್ನು ಕಟ್ಟೆಯ ಮೇಲೆಯೇ ಬರಿದು ಮಾಡಿ ನೇರ ಕೋಡಿಗೆ ಹೋದಳು. ಮೊಣಕಾಲುದ್ದ ನೀರಿನಲ್ಲಿ ನಿಂತು ಕುಡುಗೋಲಿನಿಂದ ಒಂದೊಂದೇ ಚೀಲ ಸೀಳಿದಳು. ಮರಳು ಕೊಚ್ಚಿಹೋಗಿ, ನೀರು ಹಳ್ಳಕ್ಕೆ ಧುಮುಕಿತು. ಬೆಳಗಾಗುವಷ್ಟರಲ್ಲಿ ಕೆರೆ ಎರಡು ಅಡಿ ಇಳಿದಿತ್ತು. ಬುಡದ ಜಿನುಗು ನೀರು ಮತ್ತೆ ತಿಳಿಯಾಗಿತ್ತು. ಹಟ್ಟಿಯ ಒಂದು ಮನೆಗೂ ನೀರು ನುಗ್ಗಲಿಲ್ಲ.

ಬಂದ ದೊಡ್ಡವರು ಕೆಸರಿನ ಅಂಚಿನಲ್ಲಿ ಬಾಗಿನ ಬಿಟ್ಟು, ಮುಖ ಗಂಟು ಹಾಕಿಕೊಂಡು ಜೀಪು ಹತ್ತಿದರು. ಸಂಜೆ ಪಂಚಾಯ್ತಿ ಸೇರಿತು.

"ಏರಿ ಒಡೀಲಿಲ್ಲ ತಾನೆ?" ಎಂದ ಉಗ್ರಪ್ಪ. "ಮತ್ತೆ ಬಂಗಾರದಂಥ ನೀರು ಯಾಕೆ ಬಿಟ್ಟೆ?"

ಅವಳಿಂದಾಗಿಯೇ ಒಡೆಯಲಿಲ್ಲ ಎಂದು ಹೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ಹಿಂದಿನ ರಾತ್ರಿಯೆಲ್ಲ ಒಣ ಚಾಪೆಯ ಮೇಲೆ ನಿದ್ದೆ ಮಾಡಿದ್ದ ಹಟ್ಟಿಯವರೇ ಹೌದೌದು ಎಂದು ತಲೆಯಾಡಿಸಿದರು. ಅವಳನ್ನು ಕೆಲಸದಿಂದ ಬಿಡಿಸಿದರು. ಬೇಸಿಗೆಯಲ್ಲಿ ಸಿಮೆಂಟು ಹಾಕಿ ಕೋಡಿಯನ್ನು ಒಂದಡಿ ಎತ್ತರಿಸಿದರು. ಇಲಿಬಿಲಗಳನ್ನು ಯಾರೂ ಮುಚ್ಚಲಿಲ್ಲ.

ಮುಂದಿನ ಮಳೆಗೆ ಮೊದಲೇ ಕಾಟಮ್ಮ ಮನೆಯ ತಗಡು ಬಿಚ್ಚಿ, ಊರಾಚೆಯ ಕಲ್ಲುದಿಬ್ಬಕ್ಕೆ ಗಾಡಿಯಲ್ಲಿ ಸಾಗಿಸಿದಳು. ಉಗ್ರಪ್ಪ ಬೀಡಿ ಸೇದುತ್ತಾ ನೋಡುತ್ತಿದ್ದ.

"ಆ ದಿಬ್ಬದಾಗೆ ಏನೈತೆ ಅಂತ ಹೋಗ್ತೀಯಾ?"

"ಅಲ್ಲಿ ನೀವ್ಯಾರೂ ಇಲ್ಲ," ಎಂದು ಅವಳು ಗಾಡಿಯ ಹಗ್ಗ ಬಿಗಿದಳು.