ಉಸುಕಿನ ಎರಡನೆಯ ಫಿಲ್ಮು

ಇಪ್ಪತ್ತೈದು ಸೀಸದ ಗುಂಡುಗಳಲ್ಲಿ ಏಳು ತಮ್ಮ ಜಾಗದಲ್ಲಿರಲಿಲ್ಲ. ಒಂದೊಂದೂ ಜೋಳದ ಕಾಳಿನಷ್ಟು ಕೆಳಗಿಳಿದಿತ್ತು.

ಕಾರಣವಿಲ್ಲದೆ ಏನೂ ಅಲುಗುವುದಿಲ್ಲ ಎಂದು ನಂಬಿದ್ದವಳು ನಾನು. ಇಂಥದ್ದನ್ನು ಬೇರೆಯವರು ಹೇಳಿದರೆ, ಎಲ್ಲೋ ಅಳತೆ ತಪ್ಪಿದೆ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಆಗ ನಾನು ಸಂಶೋಧನ ವಿದ್ಯಾರ್ಥಿನಿ. ಉಸುಕಿನ ಕಾಳುಗಳು ಒಂದರ ಮಗ್ಗುಲಿಗೊಂದು ಹೇಗೆ ಕೂಡುತ್ತವೆ, ಭಾರ ಬಿದ್ದಾಗ ಹೇಗೆ ಸರಿಯುತ್ತವೆ ಎಂಬುದು ನನ್ನ ವಿಷಯ. ಎಕ್ಸ್‌ರೇಯಲ್ಲಿ ಉಸುಕು ಬರೀ ಮಂಜಿನಂತೆ ಕಾಣುತ್ತದೆ. ಅದಕ್ಕೇ ನಡುವೆ ಸಾಸಿವೆಯಷ್ಟು ಸೀಸದ ಗುಂಡುಗಳನ್ನು ಸಾಲಾಗಿ ಇಡುತ್ತಿದ್ದೆ. ಅವು ಸರಿದರೆ ಉಸುಕೂ ಸರಿದಂತೆ.

ಆಲಮಟ್ಟಿಯ ಹೊಳೆದಂಡೆಯಲ್ಲಿ ಮಣ್ಣಿನ ಪರೀಕ್ಷೆಗೆಂದು ಆಳವಾದ ಗುಂಡಿ ತೋಡುತ್ತಿದ್ದರು. ಇಮಾಮಸಾಬರೆಂಬ ಹಿರಿಯ ಕೆಲಸಗಾರರು ಅದಕ್ಕಿಳಿದು, ಗೋಡೆಯ ಪದರಗಳ ಕ್ರಮದಲ್ಲೇ ಉಸುಕನ್ನು ನನ್ನ ಮರದ ಪೆಟ್ಟಿಗೆಗೆ ತುಂಬಿಸಿ, ಅದರ ಹೊಳೆಯ ಕಡೆಯ ಮಗ್ಗುಲಿಗೆ ಗುರುತಿಗೆಂದು ಸುಣ್ಣದ ಗೆರೆ ಎಳೆಯುತ್ತಿದ್ದರು.

“ಅಕ್ಕಾರ, ಉಸುಕಿಗೆ ಎಲುಬು ಎಲ್ಲಿ ಅದಾವ್ರಿ, ಫೋಟೋ ತಗೀಲಿಕ್ಕೆ?” ಎಂದು ಕಾಡುತ್ತಿದ್ದರು.

ಫಿಲ್ಮು ತೆಗೆಯುತ್ತಿದ್ದುದು ಮುದ್ದೇಬಿಹಾಳದ ಒಬ್ಬ ಡಾಕ್ಟರ ದವಾಖಾನೆಯಲ್ಲಿ. ಭಾರ ಇಡುವ ಮುನ್ನ, ಒಂದು ತಾಸಿನ ಅಂತರದಲ್ಲಿ ಎರಡು ಫಿಲ್ಮು ತೆಗೆಯುವುದು ನನ್ನ ರೂಢಿ. ಎರಡೂ ಒಂದೇ ಆಗಿರಬೇಕು. ಅಂದು ಮಧ್ಯಾಹ್ನ ಹಾಗಿರಲಿಲ್ಲ. ಇಳಿದ ಏಳೂ ಗುಂಡುಗಳು ಸುಣ್ಣದ ಗೆರೆಯ ಕಡೆಯವೇ, ದಂಡೆ ಜರಿದಂತೆ ಓರೆಯಾಗಿ.

ಪೆಟ್ಟಿಗೆ ಯಾರು ಮುಟ್ಟಿದರೆಂದು ಕಂಪೌಂಡರ್ ಗುರುಸಿದ್ದಪ್ಪನನ್ನು ಕೇಳಿದೆ.

“ಬಾಗಿಲದಾಗ ನಾನೇ ಕುಂತಿದ್ನೆಲ್ರಿ. ಬೆಕ್ಕೂ ಒಳಗ ಬಂದಿಲ್ಲ.”

ಮೂರನೆಯ ಫಿಲ್ಮು ತೆಗೆದೆ. ಅದು ಎರಡನೆಯದರಂತೆಯೇ ಇತ್ತು.

ಮರುದಿನ ಇಮಾಮಸಾಬರು ಅದೇ ಗುಂಡಿಯಲ್ಲಿ, ಹೊಳೆಯ ಕಡೆಯ ಗೋಡೆಯ ಬುಡ ಕೆದಕುವವರಿದ್ದರು. ಪೆಟ್ಟಿಗೆಯ ಉಸುಕಿಗೂ ಆ ಗೋಡೆಗೂ ಸಂಬಂಧವಿರಲು ಸಾಧ್ಯವೇ ಇಲ್ಲ. ಇದನ್ನು ಎಷ್ಟು ಸಲ ಹೇಳಿಕೊಂಡರೂ ಕೂತಲ್ಲಿ ಕೂರಲಾಗಲಿಲ್ಲ. ಬಾಯಿಬಿಟ್ಟರೆ ನಗೆಪಾಟಲು. ಬಿಡದಿದ್ದರೆ? ಅಲ್ಲಿಂದ ಮುಂದೆ ಯೋಚಿಸಲು ಧೈರ್ಯವಾಗಲಿಲ್ಲ.

ಆ ಗೋಡೆ ಕುಸಿಯುತ್ತಿತ್ತೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ. ಮತ್ತೆ ಯಾರೂ ಅದಕ್ಕಿಳಿಯುವ ಮೊದಲೇ, ಅದೇ ವಾರ ಗುಂಡಿಯನ್ನು ಮುಚ್ಚಿಸಿದರು. ಫಿಲ್ಮುಗಳು ನನ್ನ ಬಳಿ ಇವೆ. ಪ್ರಬಂಧದಲ್ಲಿ ಅವನ್ನು ಸೇರಿಸಲಿಲ್ಲ.

ಫಿಲ್ಮು ತೆಗೆದ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಆಲಮಟ್ಟಿಗೆ ಹೋದೆ. ಇಮಾಮಸಾಬರು ರುಮಾಲು ಬಿಗಿದುಕೊಂಡು ಏಣಿಯ ಬಳಿ ನಿಂತಿದ್ದರು. ಇವತ್ತು ಇಳಿಯಬೇಡಿ ಎಂದೆ.

“ಯಾಕ್ರೀ ಅಕ್ಕಾರ?”

ಎಲ್ಲರೂ ನೋಡುತ್ತಿದ್ದಂತೆ ಏಣಿಯನ್ನು ಮೇಲಕ್ಕೆಳೆದು, ಅದರ ಮೇಲೆ ಕುಳಿತುಬಿಟ್ಟೆ.